ಮಗಳನ್ನು ಕರೆತರಲು ಕಟ್ಟಿಸಿದ ಟಾಂಗಾ

ಯಾವ ಕೆಲಸವೇ ಇರಲಿ, ನನಗೆ ಅದಕ್ಕಿಂತ ಅದರ ತಯಾರಿಯೇ ಪ್ರಿಯ. ಸಂತೆಯ ದಿನ ಚೀಲ ಕೊಡವಿ, ಮಡಿಚಿ, ಕಟ್ಟಲು ಹಗ್ಗ ಹುಡುಕುವಷ್ಟರಲ್ಲಿ ಸಂತೆಯೇ ಎದ್ದುಹೋಗಿರುತ್ತದೆ. ಇದನ್ನು ಬಹುಕಾಲ ಜಾಣತನವೆಂದೇ ನಂಬಿದ್ದೆ. ಆ ಭ್ರಮೆ ಇಳಿದದ್ದು ಬೋನಾಳದ ಬೀಗರ ಅಂಗಳದಲ್ಲಿ. ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ನಿಜಾಮರ ಸರ್ಕಾರ ಹೋಗಿ ಹೊಸ ಸರ್ಕಾರ ಬಂದ ಕಾಲ. ನಾನು ಶಹಾಪುರದ ತಹಸೀಲ್ ಕಚೇರಿಯಲ್ಲಿ ಗುಮಾಸ್ತ. ಉರ್ದುವಿಗೆ ಪಳಗಿದ ಕೈಯನ್ನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಜಾಗೀರು ಕಳೆದುಕೊಂಡ ದೊಡ್ಡ ಮನೆಗಳ ಸಾಮಾನು ಆಗ ನಮ್ಮಂಥವರ ಕೈಗೂ ಬರುತ್ತಿತ್ತು. ಹಾಗೆ ನನಗೊಂದು ಹಳೆಯ ಟಾಂಗಾ, ಅದಕ್ಕಿಂತ ಹಳೆಯದಾದ ಒಂದು ಕುದುರೆ ದಕ್ಕಿದವು. ಅದೇ ಹೊತ್ತಿಗೆ ಬೋನಾಳಕ್ಕೆ ಕೊಟ್ಟಿದ್ದ ಮಗಳು ಶರಣಮ್ಮನಿಗೆ ಏಳು ತಿಂಗಳು ತುಂಬಿತು. ಚೊಚ್ಚಲ ಬಾಣಂತನ ತವರಿನದು. ಕರೆತರಲು ನಾನೇ ಹೋಗಬೇಕು. ದಾರಿಯೋ ಬರೀ ಕಲ್ಲು. ಎತ್ತಿನ ಗಾಡಿ ಕುಲುಕಿದರೆ ಹುಡುಗಿಯ ಗತಿಯೇನು? ಟಾಂಗಾವನ್ನು ಹಗುರ ಮಾಡಿಸಿ, ನಡುನಡುವೆ ತಂಗುತ್ತ, ಹೂವಿನಂತೆ ಕರೆತರುತ್ತೇನೆಂದು ಮನೆಯಲ್ಲಿ ಸಾರಿದೆ.

ಕುದುರೆಯ ವಯಸ್ಸಿಗೆ ಮರ್ಯಾದೆ ಕೊಟ್ಟು ಬಡಿಗನಿಂದ ಮೇಲಿನ ಚಾವಣಿ ತೆಗೆಸಿದೆ. ಹಿಂದಿನ ಗಾದಿ ಭಾರವೆನಿಸಿತು, ಅದನ್ನೂ ತೆಗೆಸಿದೆ. ಖಾಲಿ ಜಾಗ ಕಂಡ ಮೇಲೆ ನನ್ನಂಥವನು ಸುಮ್ಮನಿರುವುದುಂಟೆ? ಮಗಳು ದಾರಿಯಲ್ಲಿ ಒರಗಲು ಮಡಿಚುವ ಮಂಚ, ಅವಳಿಗೆ ಬಿಸಿಲು ತಾಗದಿರಲು ಸಣ್ಣ ಡೇರೆ, ಡೇರೆಗೆ ಗಳ, ಗೂಟ, ಅವಳಿಗೆ ಬಿಸಿನೀರು ಕಾಯಿಸಲು ಸ್ಟೋವು, ಹಂಡೆ, ಕಂದೀಲು, ಕುದುರೆಗೆ ಹುರುಳಿ. ಹಳ್ಳಿಗಳ ತಪಾಸಣೆಗೆ ದೌರೆ ಹೊರಡುವ ಸಾಹೇಬರ ಸಾಮಾನು ಕಟ್ಟಿ ಕಟ್ಟಿ ಕಲಿತ ವಿದ್ಯೆ ಅದು. ಹೆಂಡತಿ ಬುತ್ತಿಯ ಬುಟ್ಟಿ ತಂದು, "ರೀ, ಹುಡುಗಿಗಿ ಆರಾಮ ಆಗೂಹಂಗ ಮಾಡೀರಿಲ್ಲೋ?" ಎಂದಳು. "ಎಲ್ಲಾ ಬಂದೋಬಸ್ತ ಅದ, ನೀ ಸುಮ್ಕಿರು" ಎಂದು ನಾನು ಹಗ್ಗ ಬಿಗಿದೆ.

ಬೋನಾಳ ತಲುಪಿದಾಗ ಬೀಗರು ಬಾಗಿಲಿಗೆ ಬಂದು, "ಏನ್ರಿ ಬೀಗರ, ಮತ್ತೊಂದು ದಂಡು ಬಂತೇನೋ ಅಂತ ಎದಿ ಧಸಕ್ಕಂತು!" ಎಂದು ನಕ್ಕರು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಮುತ್ತೈದೆಯರು ಮಗಳ ಉಡಿ ತುಂಬಿದರು. ಉಡಿ ತುಂಬಿಕೊಂಡು ಹೊಸ್ತಿಲು ದಾಟಿದವಳು ಮತ್ತೆ ಒಳಗೆ ಕಾಲಿಡುವಂತಿಲ್ಲ. ಅವಳು ದಾಟಿದಳು, ಅಕ್ಕಿ ಕೊಬ್ಬರಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಟಾಂಗಾದ ಬಳಿ ಬಂದಳು, ಸುತ್ತ ಒಮ್ಮೆ ನೋಡಿದಳು.

"ಅಪ್ಪಾ, ನಾ ಎಲ್ಲಿ ಕೂಡ್ಲಿ?"

ಅಂಗಳದ ತುಂಬ ಇದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವಳಿಗಾಗಿ ಎಲ್ಲವನ್ನೂ ತಂದಿದ್ದೆ, ಅವಳಿಗೊಂದು ಜಾಗ ಮಾತ್ರ ಮರೆತಿದ್ದೆ. ತುಂಬು ಬಸುರಿ ಬಿಸಿಲಲ್ಲಿ ನಿಂತಿದ್ದಳು, ನಾನು ಬಗ್ಗಿಕೊಂಡು ಗಂಟು ಬಿಚ್ಚುತ್ತಿದ್ದೆ. ಬಿಗಿದವನು ನಾನಲ್ಲವೆ, ಒಂದೂ ಸುಲಭಕ್ಕೆ ಬಿಚ್ಚಲಿಲ್ಲ. ಮಂಚ ಇಳಿಯಿತು, ಡೇರೆ ಇಳಿಯಿತು, ಕೊನೆಗೆ ಹಂಡೆ ಉರುಳಿ ಊರಿಗೆಲ್ಲ ಕೇಳುವಂತೆ ಸದ್ದು ಮಾಡಿತು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬೀಗಿತ್ತಿ ಒಳಗಿನಿಂದ ಎರಡು ಕೌದಿ ತಂದು ಟಾಂಗಾದಲ್ಲಿ ಹಾಸಿ, "ಕೂಡವ್ವಾ" ಎಂದರು.

ಕುದುರೆ ಹೊಡೆಯುವವನು ಕೂರುವ ಮುಂದಿನ ಹಲಗೆ ಖಾಲಿಯೇ ಇತ್ತು, ಅದರ ಮೇಲೆ ಕೂರಲು ನನಗೆ ಮುಖವಿರಲಿಲ್ಲ. ಕುದುರೆಯ ಲಗಾಮು ಹಿಡಿದು ನಡೆದೆ. "ಹತ್ತಪ್ಪಾ" ಎಂದು ಮಗಳು ಕರೆದಾಗಲೆಲ್ಲ, "ಕುದುರಿಗಿ ಭಾರ ಆಗ್ತದವ್ವ" ಎಂದೆ. ಮಧ್ಯಾಹ್ನ ಒಂದು ಬೇವಿನ ಮರದಡಿ ಅವಳು ಕೌದಿಯ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಡೇರೆಯ ನೆನಪು ಅವಳಿಗೆ ಬರಲೇ ಇಲ್ಲ.

ಗಂಡು ಮಗು ಹುಟ್ಟಿತು. ತೊಟ್ಟಿಲ ದಿನ ಬೀಗರು ನಾನು ಅವರಂಗಳದಲ್ಲೇ ಬಿಟ್ಟುಬಂದಿದ್ದ ಸಾಮಾನನ್ನೆಲ್ಲ ಎತ್ತಿನ ಗಾಡಿಯಲ್ಲಿ ಹೇರಿ, ಅದರ ಜೊತೆಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬಂದರು. ಎಲ್ಲರಿಗೂ ಜಾಗವಿತ್ತು. ನಾನು ಪಡಸಾಲೆಯ ಮೂಲೆ ಸೇರಿದೆ. ಹೆಂಡತಿ ಮೊಮ್ಮಗನನ್ನು ಎತ್ತಿಕೊಂಡು ಬಂದು, ಎಲ್ಲರೆದುರು ನನ್ನ ಮುಂದೆ ನಿಂತು ಕೇಳಿದಳು:

"ತೊಡಿ ಮ್ಯಾಲರ ಜಾಗ ಅದ ಏನ್ರಿ?"

ಕೆಳಗೆ ನೋಡಿಕೊಂಡೆ. ತೊಟ್ಟಿಲಿಗೆ ಇನ್ನೂ ಗಟ್ಟಿಯಾದದ್ದು ಬೇಕೆಂದು ಬೆಳಗಿನಿಂದ ನಾನು ಹೊಸೆಯುತ್ತಿದ್ದ ಹಗ್ಗದ ಸುರುಳಿ ತೊಡೆ ತುಂಬ ಕೂತಿತ್ತು.