ಸುಳಿ ನೋಡಿ ತಂದ ಟ್ರ್ಯಾಕ್ಟರ್

ಟ್ರ್ಯಾಕ್ಟರಿನ ಗುಣವನ್ನು ನಮ್ಮ ದೊಡ್ಡಮ್ಮನಷ್ಟು ಬಲ್ಲವರು ಮೀಂಜದಿಂದ ಬಾಯಾರಿನವರೆಗೆ ಯಾರೂ ಇಲ್ಲ. ಅವರು ಅದನ್ನು ಎತ್ತು ಎಂದು ತಿಳಿದಿದ್ದಾರೆ, ಅಷ್ಟೇ!

ಪಕ್ಷವಾತದಿಂದ ದೊಡ್ಡಪ್ಪನ ಒಂದು ಕಾಲಿನ ಬಲ ಹೋದ ಮೇಲೆ ಅವರ ಗದ್ದೆ ಉಳುವವರಿಲ್ಲದೆ ಹಡಿಲು ಬಿದ್ದಿತ್ತು. ದೊಡ್ಡಪ್ಪ ಚಾವಡಿಯಿಂದ ಇಳಿಯುತ್ತಿರಲಿಲ್ಲ; ಗದ್ದೆಯ ಕಡೆ ನೋಡುತ್ತಲೂ ಇರಲಿಲ್ಲ.

"ಈ ಸಲ ನಾನೇ ಉಳುವುದು," ಎಂದು ದೊಡ್ಡಮ್ಮ ಸಾರಿದರು. ಅರುವತ್ತು ದಾಟಿದ ಹೆಂಗಸು! ಎದುರು ಹೇಳುವ ಧೈರ್ಯ ಯಾರಿಗಿದೆ?

ಬ್ರೋಕರ್ ಎರಡು ಹಳೆಯ ಸಣ್ಣ ಟ್ರ್ಯಾಕ್ಟರ್ ತಂದು ಅಂಗಳದಲ್ಲಿ ನಿಲ್ಲಿಸಿದ. ಒಂದು ಕೆಂಪು, ಹೊಸ ಪೈಂಟ್. ಇನ್ನೊಂದು ಬೂದು, ಅಲ್ಲಲ್ಲಿ ತುಕ್ಕು. (ಕೆಂಪಲ್ಲ, ನೀಲಿ ಎನ್ನುತ್ತಾಳೆ ನನ್ನ ತಂಗಿ. ನೆನಪೂ ಒಬ್ಬ ಬ್ರೋಕರನೇ; ಪೈಂಟ್ ಬಳಿಯದೆ ಏನನ್ನೂ ತರುವುದಿಲ್ಲ. ಸದ್ಯಕ್ಕೆ ಕೆಂಪೇ ಇರಲಿ.)

ದೊಡ್ಡಮ್ಮ ಕೆಂಪಿಗೆ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸಿ ಸುಳಿ ಹುಡುಕಿದರು.

"ಅಕ್ಕಾ," ಎಂದ ಬ್ರೋಕರ್, "ಎತ್ತಿಗಾದರೆ ಮೈಮೇಲೆ ಗುಣ ಹೇಳುವ ಕೂದಲ ಸುಳಿ ಉಂಟು. ಇದಕ್ಕೆ ಎಂತದು?"

"ಇಲ್ಲಿ ಬೆಸುಗೆಯ ಗುರುತು ಉಂಟಲ್ಲ ಮಾರಾಯ, ಇದೇ ಕೆಟ್ಟ ಸುಳಿ. ಎಲ್ಲಿ ಗುದ್ದಿದ್ದು, ಹೇಳು!"

ಬ್ರೋಕರ್ ಬೆವರು ಒರೆಸಿಕೊಂಡ. ನನಗೋ, ಎದೆಯುಬ್ಬಿತು.

ಎತ್ತು ಕೊಳ್ಳುವ ಮುಂಚೆ ಕೆಸರಿನಲ್ಲಿ ನಡೆಸಿ ನೋಡುವುದು ಕ್ರಮವಲ್ಲವೇ? ಎರಡನ್ನೂ ಗದ್ದೆಗಿಳಿಸಿದರು. ಇಲ್ಲಿ ಕೆಂಪು ಹೂತುಹೋಯಿತು ಎಂದು ಬರೆದರೆ ಕಥೆ ಚೆಂದ. ಹೂತುಹೋಗಲಿಲ್ಲ. ಕೆಂಪು ಸಲೀಸಾಗಿ ನಡೆಯಿತು. ಬೂದು ಕೆಮ್ಮಿ ನಿಂತೇಬಿಟ್ಟಿತು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬ್ರೋಕರನ ಲುಂಗಿ ಸಡಿಲವಾಯಿತು!

"ಬೂದು ಸಾಕು," ಎಂದರು ದೊಡ್ಡಮ್ಮ.

"ಎಂತ ದೊಡ್ಡಮ್ಮ, ಕೆಮ್ಮುವ ಎತ್ತನ್ನು ಯಾರಾದರೂ ತೆಗೊಳ್ತಾರಾ?" ಎಂದೆ ನಾನು.

"ಕೆಮ್ಮಿಗೆ ಮದ್ದುಂಟು." ಅವರು ಬೂದಿನ ಚಕ್ರದ ಮೇಲಿನ ಅಗಲವಾದ ಮಡ್‌ಗಾರ್ಡನ್ನು ತಟ್ಟಿದರು. "ಕೆಂಪಿನದ್ದು ಇಷ್ಟು ಅಗಲ ಇಲ್ಲ. ನಿನ್ನ ದೊಡ್ಡಪ್ಪನನ್ನು ಕೂರಿಸುವುದು ಎಲ್ಲಿ?"

ಉಳುವ ದಿನ ನಾವೆಲ್ಲ ಸೇರಿ ದೊಡ್ಡಪ್ಪನನ್ನು ಎತ್ತಿ ಅಲ್ಲಿ ಕೂರಿಸಿದೆವು. ಟ್ರ್ಯಾಕ್ಟರ್ ಬಿಡುತ್ತಿದ್ದ ಹೆಂಡತಿಯ ಭುಜವನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಶುರುವಾಯಿತು.

"ಏ, ಸಾಲು ಓರೆ ಹೋಗ್ತಾ ಉಂಟು! ನಿನ್ನ ಕಣ್ಣು ಎಲ್ಲಿ ಉಂಟು?"

ಎಷ್ಟು ಕಾಲವಾಗಿತ್ತು ಆ ಗಂಟಲು ಕೇಳಿ! ದೊಡ್ಡಮ್ಮ ಸ್ಟಿಯರಿಂಗನ್ನು ಬೇಕೆಂದೇ ಇನ್ನಷ್ಟು ಓರೆಗೆ ತಿರುಗಿಸಿದರು.