ಕೀಲಿ ಇಲ್ಲದ ಆಟದ ಉಡುಗೊರೆ

ಮನೆಯಿಂದ ಹೊರಗೆ ಹೋದ ಪ್ರತಿ ಸಾಮಾನನ್ನೂ ನಾನು ವಹಿಯಲ್ಲಿ ಬರೆದಿಡುತ್ತೇನೆ: ಯಾರಿಗೆ, ಯಾವಾಗ, ತಿರುಗಿ ಬಂತೋ ಇಲ್ಲವೋ. ಆ ಕಾಲದ ಬಿ.ಎ. ನಾನು, ಬರೆಯದೆ ಬಿಟ್ಟದ್ದು ನಡೆದೇ ಇಲ್ಲ ಎಂದು ನಂಬಿದವಳು. ಆದರೂ ಸಪ್ತಾಪುರದ ನಮ್ಮ ಮನೆಯಲ್ಲಿ ಯಾವ ಖಾನೆಗೂ ಕೂಡದ ಸಂಗತಿಗಳು ನಡೆಯುತ್ತಲೇ ಇರುತ್ತವೆ.

೧. ಷರತ್ತು

ಮೊಮ್ಮಗಳು ಊರು ಕಟ್ಟುವ ಕಂಪ್ಯೂಟರ್ ಆಟವೊಂದನ್ನು ಕೊಂಡಿದ್ದಳು. ಅದಕ್ಕೆ ಕೀಲಿ ಇಲ್ಲ. ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಯಾರ ಕಂಪ್ಯೂಟರಿನಲ್ಲಾದರೂ ನಡೆಯುತ್ತದೆ. ಪಕ್ಕದ ಮನೆಯ ಗೆಳತಿ ಕಾಲು ಮುರಿದುಕೊಂಡು ಮಲಗಿದ್ದಳು. ಅವಳಿಗೆ ಇದನ್ನೇ ಉಡುಗೊರೆ ಕೊಡುತ್ತೇನೆ ಎಂದಳು ಮೊಮ್ಮಗಳು.

“ಕೊಟ್ಟ ಮ್ಯಾಲೆ ನಿನ್ನ ಹತ್ರನೂ ಉಳೀತೈತೇನು?”

“ಉಳೀತೈತಿ ಆಯಿ. ಕೀಲಿನ ಹಾಕಿಲ್ಲ ಅವರು. ಯಾರಿಗೂ ಗೊತ್ತಾಗಂಗಿಲ್ಲ.”

“ಹಾಕಿಲ್ಲ ಅಂದ್ರ ನಮ್ಮನ್ನ ನಂಬ್ಯಾರ ಅಂತ ಅರ್ಥ.”

ಕನ್ನಡಕ ಏರಿಸಿ, ಮಾರಿದವರ ಷರತ್ತುಗಳನ್ನು ಮೊದಲಿನಿಂದ ಕಡೆತನಕ ಓದಿದೆ. ಮೊಮ್ಮಗಳು ಬೆರಗಾಗಿ ನೋಡಿದಳು. “ಆಯಿ, ಇದನ್ನ ಪೂರ್ತಿ ಓದಿದಾಕಿ ಜಗತ್ತಿನ್ಯಾಗ ನೀ ಒಬ್ಬಾಕಿನ. ಬರದವರೂ ಓದಿರಲಿಕ್ಕಿಲ್ಲ.”

೨. ಪಂಚನಾಮೆ

ಆಟ ಒಬ್ಬರ ಬಳಕೆಗೆ ಮಾತ್ರ ಎಂದಿತ್ತು. ನಾನು ತೀರ್ಪು ಕೊಟ್ಟೆ: ಕೊಡು, ಆದರೆ ನಿನ್ನದನ್ನು ಅಳಿಸು. ಯಾರಿಗಾದರೂ ಕೊಟ್ಟ ಸೀರೆ ನಮ್ಮ ಕಪಾಟಿನಲ್ಲೂ ಉಳಿಯುತ್ತದೆಯೇ?

ಅವಳ ಮುಖ ಸಣ್ಣದಾಯಿತು. ಎಂಟು ತಿಂಗಳು ಕೂತು ಕಟ್ಟಿದ ಊರು ಅದರಲ್ಲಿತ್ತು. ದಿನವಿಡೀ ಆ ಊರಿನ ಬೀದಿಗಳಲ್ಲೇ ಅಲೆದಳು. ಮರುದಿನ ತಾನೇ ಬಂದು, “ಊರು ಸಮೇತ ಅಕಿಗೇ ಕೊಡ್ತೇನಿ ಆಯಿ. ಮಲಗಿದಾಕಿಗೆ ಓಡ್ಯಾಡಾಕ ಜಾಗಾ ಬೇಕಲ್ಲ” ಎಂದಳು.

ಅವಳ ತಲೆ ಸವರಿದೆ. ಆದರೂ ಅವಳು ಅಳಿಸುವಾಗ ಪಕ್ಕದಲ್ಲೇ ಕುಳಿತು, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ತೆಗೆಸಿ ನೋಡಿದೆ. ಮಗ ಇಣುಕಿದ. “ಅವ್ವಾ, ಇದೇನ ಪಂಚನಾಮೆ ನಡಸೀಯೇನು?”

“ಹೌದು. ಸಾಕ್ಷಿ ಕಡಿಮಿ ಬಿದ್ದಾರ. ಬಾ, ಸಹಿ ಹಾಕು.”

೩. ಡಬ್ಬಿ

ತಿಂಗಳಾದ ಮೇಲೆ ಗೆಳತಿಯ ತಾಯಿ ಪೆನ್‌ಡ್ರೈವ್ ತಂದುಕೊಟ್ಟರು. ಹಚ್ಚಿ ನೋಡಿದ ಮೊಮ್ಮಗಳು ಕಿರುಚಿದಳು. ಒಳಗೆ ಅದೇ ಆಟ, ಅದೇ ಊರು! ಗೆಳತಿ ಊರ ಹೊರಗೆ ಒಂದು ಕೆರೆಯನ್ನೂ ತೋಡಿದ್ದಳು.

“ಕೊಟ್ಟದ್ದನ್ನ ಯಾಕ ಹೊಳ್ಳಿ ಕೊಟ್ರಿ?” ಎಂದು ಆ ತಾಯಿಯನ್ನು ಕೇಳಿದೆ.

“ಹೊಳ್ಳಿ ಎಲ್ಲಿ ಕೊಟ್ಟೇನ್ರಿ ಅಕ್ಕಾರ? ನಿಮ್ಮ ಡಬ್ಬಿ ಬಂದ್ರ ಎಂದಾರ ಖಾಲಿ ಕಳಿಸೇನೇನು? ಒಂದ ಮುಟಗಿ ಸಕ್ಕರಿನಾರ ಹಾಕಿರ್ತೇನಿ. ಇದರಾಗ ಸಕ್ಕರಿ ಹಾಕಾಕ ಬರಂಗಿಲ್ಲ. ಮನ್ಯಾಗ ಇದ್ದದ್ದು ಹಾಕೇನಿ.”

“ನಿಮ್ಮ ಹತ್ರನೂ ಉಳದೈತೇನು?”

“ಉಳದೈತ್ರಿ.”

ವಹಿ ತೆರೆದು ಇದನ್ನು ಯಾವ ಖಾನೆಗೆ ಬರೆಯಲಿ ಎಂದು ಹುಡುಕಿದೆ. ಹೋದದ್ದು ಬಂದಿದೆ, ಬಂದದ್ದು ಅಲ್ಲೂ ಇದೆ. ಮೊಮ್ಮಗಳು ಆಗಲೇ ಕೆರೆಯ ದಂಡೆಗೆ ಗಿಡ ಹಚ್ಚುತ್ತಿದ್ದಳು. ಅಳಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಕಾಯ್ದೆ ಎಲ್ಲರಿಗೂ ಒಂದೇ. ಕೊಟ್ಟವರು ತಮ್ಮದನ್ನು ಅಳಿಸಬೇಕು ಎಂದು ಪಕ್ಕದ ಮನೆಗೆ ಹೋಗಿ ತಿಳಿಸಿ ಹೇಳಿದೆ.

ಆಕೆ ಗಂಭೀರವಾಗಿ ಕೇಳಿಸಿಕೊಂಡರು. “ಆತ್ರಿ ಅಕ್ಕಾರ, ಇವತ್ತ ಅಳಸ್ತೇವಿ. ನಾಳೆ ನಮ್ಮ ಪೆನ್‌ಡ್ರೈವ್ ಕಳಸ್ತೇನಿ. ನೀವೂ ಅದನ್ನ ಖಾಲಿ ಹೊಳ್ಳಿ ಕಳಸಬ್ಯಾಡ್ರಿ ಮತ್ತ.”