ವರ್ಣಕ್ಕೆ ಮೊದಲು ಸಾಂಬಾರು

ನನ್ನ ಸೋದರಮಾವನಷ್ಟು ಸಂಗೀತ ಕಚೇರಿಗಳಿಗೆ ಹೋದವರು ಉಡುಪಿ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಕಡಿಮೆ ಸಂಗೀತ ಕೇಳಿದವರೂ ಇನ್ನೊಬ್ಬರಿಲ್ಲ. ಇದರಲ್ಲಿ ಒಗಟೇನೂ ಇಲ್ಲ. ಕಚೇರಿ ಐದೂವರೆಗೆ ಎಂದರೆ ನಾವಿಬ್ಬರೂ ಮೂರೂವರೆಗೇ ಉಡುಪಿಯ ಬಸ್ ನಿಲ್ದಾಣದಲ್ಲಿ ಸೇರುತ್ತೇವೆ. ಅವರು ಕಾರ್ಕಳದಿಂದ ಬರುತ್ತಾರೆ, ನಾನು ಕಾಪುವಿನಿಂದ. ನಡುವಿನ ಎರಡು ಗಂಟೆಗಳಲ್ಲಿ ಒಬ್ಬ ಮನುಷ್ಯ ಏನಾದರೂ ತಿಂದು, ಒಂದು ಕಾಫಿ ಕುಡಿದು, ಸಭಾಂಗಣದಲ್ಲಿ ಹೋಗಿ ಕೂರಬಹುದು ಎಂದು ನೀವು ತಿಳಿದಿದ್ದರೆ ನಿಮಗೆ ನನ್ನ ಮಾವ ಗೊತ್ತಿಲ್ಲ. ಕಚೇರಿಯ ಆರಂಭದಲ್ಲಿ ವರ್ಣ ಹಾಡುತ್ತಾರೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿ ಬಲ್ಲೆ. ಮಾವನ ಜೊತೆ ಹೋದ ಹನ್ನೊಂದು ವರ್ಷಗಳಲ್ಲಿ ಒಂದನ್ನೂ ಕೇಳಿದವಳಲ್ಲ. ನಾವು ಬಾಗಿಲು ತಳ್ಳಿ ಒಳಗೆ ಕಾಲಿಡುವಾಗ ಸಾಮಾನ್ಯವಾಗಿ ಮೃದಂಗದವರು ಕಚೇರಿಯ ಕೊನೆಗೆ ಬರುವ ತಮ್ಮ ತನಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿರುತ್ತಾರೆ.

ಮಾವ ಕಾರ್ಕಳದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕರಾಗಿದ್ದು ನಿವೃತ್ತರಾದವರು. ಕಾಲೇಜು ಅವರನ್ನು ಬಿಟ್ಟಿತು, ಅವರು ಲ್ಯಾಬನ್ನು ಬಿಡಲಿಲ್ಲ. ಸಾಂಬಾರು ಬಂದರೆ ಬಟ್ಟಲಿಗೆ ಮೂಗಿಡುವುದಿಲ್ಲ. ಅಂಗೈಯನ್ನು ಬೀಸಿ ಆವಿಯನ್ನು ಮೂಗಿನ ಕಡೆಗೆ ಕರೆಸಿಕೊಳ್ಳುತ್ತಾರೆ. ಆಸಿಡ್ ಬಾಟಲಿಯನ್ನು ಹಾಗೆಯೇ ಮೂಸಬೇಕಂತೆ. ಆಮೇಲೆ ಬೆಳಕಿಗೆ ಹಿಡಿದು ಬಣ್ಣ ನೋಡುವುದು, ಚಮಚ ಓರೆ ಮಾಡಿ ದಪ್ಪ ನೋಡುವುದು, ತಳದಲ್ಲಿ ಕೂತದ್ದೆಷ್ಟು, ಮೇಲೆ ತೇಲಿದ್ದೆಷ್ಟು ಎಂದು ವಿಚಾರಿಸುವುದು. ಕೊನೆಗೆ ನಾಲಗೆಯ ತುದಿಗೆ ಒಂದೇ ಒಂದು ಹನಿ. ಅಷ್ಟರಲ್ಲಿ ನಾನು ತಿಂದ ಇಡ್ಲಿ ಕರಗಿ ಮತ್ತೆ ಹಸಿವಾಗಿರುತ್ತದೆ. ಶಂಕರಪುರ ಮಲ್ಲಿಗೆ ಮುಡಿದವರ ಪಕ್ಕದ ಮೇಜಿನಲ್ಲಿ ಅವರು ಕೂರುವುದೂ ಇಲ್ಲ. ಪರಿಮಳ ಫಲಿತಾಂಶವನ್ನು ಕೆಡಿಸುತ್ತದಂತೆ. ಉಡುಪಿಯಲ್ಲಿ ಮಲ್ಲಿಗೆ ಮುಡಿಯದ ಹೆಂಗಸರಿರುವ ಹೋಟೆಲು ಹುಡುಕುವುದಕ್ಕೇ ಅರ್ಧ ಗಂಟೆ ಬೇಕು.

ಯಾವ ಕಚೇರಿಗೆ ಮೊದಲು ಏನು ತಿನ್ನಬೇಕು ಎಂಬುದಕ್ಕೂ ಅವರಲ್ಲಿ ನಿಯಮಗಳಿವೆ. ವೀಣೆಗೆ ಮೊದಲು ಗೋಳಿಬಜೆ ಕೂಡದು. ವೀಣೆಯ ಸ್ವರ ಸಣ್ಣದು, ಗೋಳಿಬಜೆ ತಿಂದ ಹೊಟ್ಟೆಯ ಸ್ವರ ದೊಡ್ಡದು. ಸ್ಯಾಕ್ಸೊಫೋನ್ ಆದರೆ ಏನು ಬೇಕಾದರೂ ತಿನ್ನಬಹುದು, ಯಾರಿಗೂ ಕೇಳಿಸುವುದಿಲ್ಲ. ಪಿಟೀಲಿಗೆ ಮೊದಲು ಕಾಫಿ ಕುಡಿದರೆ ಕೈ ನಡುಗುತ್ತದೆ.

"ಪಿಟೀಲು ನುಡಿಸುವುದು ಅವರಲ್ವಾ ಮಾವ?" ಎಂದು ನಾನೊಮ್ಮೆ ಕೇಳಿದೆ.

"ತಾಳ ಹಾಕುವುದು ನಾನಲ್ವಾ?" ಎಂದರು.

ಇಂಥವರಿಗೆ ಅಡುಗೆ ಮಾಡಿ ಹಾಕಿದ ಪುಣ್ಯಾತ್ಗಿತ್ತಿ ಯಾರು ಎಂದು ನೀವು ಮರುಗುವುದು ಬೇಡ. ನನ್ನ ಅತ್ತೆ ಜಾಣೆ. ಮದುವೆಯಾದ ಮೂರನೆಯ ತಿಂಗಳಿಗೇ ಸೌಟನ್ನು ಅವರ ಕೈಗೆ ಕೊಟ್ಟು, "ಇನ್ನು ನೀವೇ ಮಾಡಿ, ನಾನು ತಿಂದು ಹೇಳ್ತೇನೆ" ಎಂದರಂತೆ. ಅಂದಿನಿಂದ ಇಂದಿನವರೆಗೆ ಮಾವ ಮಾಡುತ್ತಾರೆ, ಅತ್ತೆ ತಿಂದು ಹೇಳುತ್ತಾರೆ. ಅತ್ತೆಗೆ ಸಂಗೀತದ ಗಂಧವಿಲ್ಲ. ಇದ್ದಿದ್ದರೂ ಮಾವನ ಜೊತೆ ಹೋಟೆಲಿಗೆ ಬರುತ್ತಿದ್ದರೆಂದು ನನಗೇನೂ ನಂಬಿಕೆಯಿಲ್ಲ.

ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಒಮ್ಮೆ ಬನ್ಸ್ ತರಿಸಿದೆವು. ಮಾವ ಅದನ್ನು ಎರಡು ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಹಿಡಿದು, ಸಪ್ಲಾಯರನ್ನು ಕರೆದರು. ಬಂದವರು ಐವತ್ತು ದಾಟಿದ ಗಂಭೀರ ಮನುಷ್ಯ.

"ಇದನ್ನು ಯಾವಾಗ ಕರಿದದ್ದು?"

"ಗೊತ್ತಿಲ್ಲ ಸರ್. ನಾನು ಕೆಲಸಕ್ಕೆ ಸೇರಿದ್ದು ಹೋದ ತಿಂಗಳು."

ಆ ಮನುಷ್ಯನ ಪ್ರಾಮಾಣಿಕತೆಯನ್ನು ಮಾವ ವರ್ಷಗಟ್ಟಲೆ ಹೊಗಳಿದರು. ಬನ್ಸನ್ನು ಮಾತ್ರ ತಿನ್ನಲಿಲ್ಲ.

ಮಣಿಪಾಲದಲ್ಲಿ ಕಚೇರಿಯಿದ್ದ ಒಂದು ಸಂಜೆ ಮಳೆ ಹಿಡಿದುಕೊಂಡು, ಕಾಲೇಜಿನ ಮಕ್ಕಳು ಹೋಗುವ ಕೆಫೆಯೊಂದಕ್ಕೆ ನುಗ್ಗಬೇಕಾಯಿತು. ಅಲ್ಲಿ ಕುರ್ಚಿಗಳಿಗೆ ಬೆನ್ನಿರಲಿಲ್ಲ, ಮೆನು ಕಾರ್ಡೂ ಇರಲಿಲ್ಲ. ಮೇಜಿಗೆ ಅಂಟಿಸಿದ್ದ ಚೌಕವನ್ನು ಫೋನಿಗೆ ತೋರಿಸಬೇಕಿತ್ತು. ಮಾವ ಚೌಕವನ್ನು ಉಗುರಿನಿಂದ ಕೆರೆದು ನೋಡಿದರು. ಗಂಟಲಿಗೆ ಬಿಸಿ ಏನಾದರೂ ಬೇಕೆಂದಾಗ ಅಲ್ಲಿನ ಹುಡುಗಿ ತುಂಬ ಅಕ್ಕರೆಯಿಂದ ಟರ್ಮರಿಕ್ ಲ್ಯಾಟೆ ತಂದಿಟ್ಟಳು. ನೊರೆಯ ಮೇಲೆ ಎಲೆಯ ಚಿತ್ರ. ಮಾವ ಅಂಗೈ ಬೀಸಿದರು, ಮೂಸಿದರು, ನನ್ನ ಮುಖ ನೋಡಿದರು.

"ಅರಸಿನ ಹಾಕಿದ ಹಾಲು ಮಾರಾಯ್ತಿ. ಶೀತ ಆದಾಗ ನನ್ನ ಅಮ್ಮ ಮೂಗು ಹಿಡಿದು ಕುಡಿಸಿದ್ದು. ಆಗ ಎಲೆ ಒಂದು ಇರ್ಲಿಲ್ಲ ನೋಡು."

ಕಾಪುವಿನಲ್ಲಿ ಮಾತ್ರ ಅವರಿಗೆ ಸರಿಯಾದ ಉತ್ತರ ಸಿಕ್ಕಿತು. ನಮ್ಮ ಮನೆಯ ಹತ್ತಿರ ಒಬ್ಬ ಹೆಂಗಸು ನಡೆಸುವ ಸಣ್ಣ ಹೋಟೆಲಿದೆ. ಅಲ್ಲಿ ನೀರುದೋಸೆಯನ್ನು ಬೆಳಕಿಗೆ ಹಿಡಿದು, "ತೂತು ಹೆಚ್ಚಾಯ್ತು, ಅಕ್ಕಿ ಹೊಸದು" ಎಂದು ಮಾವ ಶುರು ಮಾಡಿದರು. ಆಕೆ ಕಾವಲಿಯಿಂದ ತಲೆಯೆತ್ತದೆ ಕೇಳಿದಳು:

"ನಿಮ್ಮ ಮನೆಯಲ್ಲಿ ದೋಸೆ ಮಾಡುವುದು ಯಾರು ಸರ್?"

"ನಾನೇ."

"ಹಾಗಾದರೆ ಅಲ್ಲಿ ಬಿಟ್ಟು ಇಲ್ಲಿಗೆ ಎಂತಕ್ಕೆ ಬಂದದ್ದು?"

ಸುತ್ತಲಿನ ನಾಲ್ಕು ಮೇಜಿನವರು ನಕ್ಕರು. ನಾನೂ ನಕ್ಕೆ ಎಂದು ಒಪ್ಪಿಕೊಳ್ಳುತ್ತೇನೆ. ಮಾವ ಆ ದಿನ ಐದು ದೋಸೆ ತಿಂದರು, ಒಂದೊಂದಕ್ಕೂ ಒಂದೊಂದು ದೋಷ ಹೇಳುತ್ತ.

ಹೀಗೆ ನಾನು ಅವರ ಬಗ್ಗೆ ಊರಿಡೀ ಕಥೆ ಹೇಳಿಕೊಂಡು ತಿರುಗುತ್ತಿದ್ದಾಗ ಅವರ ಗಂಟಲಲ್ಲಿ ಏನೋ ಕಾಣಿಸಿಕೊಂಡಿತು. ಮಣಿಪಾಲಕ್ಕೆ ಒಂದೂವರೆ ತಿಂಗಳು ಓಡಾಡಿ ರೇಡಿಯೇಶನ್, ನಮ್ಮ ಕಡೆಯ ಮಾತಿನಲ್ಲಿ 'ಕರೆಂಟು', ಕೊಡಿಸಿಕೊಂಡರು. ಕಾಯಿಲೆ ವಾಸಿಯಾಯಿತು ಎಂದು ಡಾಕ್ಟರು ಹೇಳಿದರು. ನಾನು ನೋಡಲು ಹೋದಾಗಲೆಲ್ಲ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಗಂಟಲಿಗೆ ಆಯಾಸ ಎಂದುಕೊಂಡೆ. ಎರಡು ತಿಂಗಳು ಕಳೆದ ಮೇಲೆ ಅವರೇ ಫೋನು ಮಾಡಿದರು.

"ಶನಿವಾರ ಉಡುಪಿಯಲ್ಲಿ ಪಿಟೀಲು ಉಂಟು. ಹೋಗುವನಾ?"

ಬಸ್ ನಿಲ್ದಾಣದಲ್ಲಿ ಸೇರಿದೆವು. ಅಂಗಿ ಸಡಿಲವಾಗಿತ್ತು, ನಡಿಗೆ ಸರಿಯಿತ್ತು. ಎದುರಿಗೆ ಕಂಡ ಮೊದಲ ಹೋಟೆಲಿಗೇ ನುಗ್ಗಿ ಕೂತರು. ಪಕ್ಕದ ಮೇಜಿನಲ್ಲಿ ಮೂವರು ಹೆಂಗಸರು, ಮೂವರ ತಲೆಯಲ್ಲೂ ಮಲ್ಲಿಗೆ. ಮಾವ ಗಮನಿಸಲೇ ಇಲ್ಲ. ಇಡ್ಲಿ ಸಾಂಬಾರು ಬಂತು. ಅಂಗೈ ಬೀಸಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ. ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಿ ಸುಮ್ಮನೆ ತಿಂದರು, ಎಲ್ಲರೂ ತಿನ್ನುವ ಹಾಗೆ.

"ಹೇಗುಂಟು ಮಾವ?"

"ಲಾಯ್ಕುಂಟು."

ನಾನು ಖುಷಿಪಟ್ಟೆ ಎಂದರೆ ನಂಬುತ್ತೀರಾ? ಕಾಯಿಲೆಯ ಜೊತೆಗೆ ಕೊಂಕೂ ಹೋಯಿತಲ್ಲ, ಕರೆಂಟಿನಲ್ಲಿ ಇಷ್ಟೊಂದು ಗುಣವಿದ್ದರೆ ಮೊದಲೇ ಕೊಡಿಸಬಹುದಿತ್ತು ಎಂದುಕೊಳ್ಳುತ್ತ ನನ್ನ ಬಟ್ಟಲಿಗೆ ಚಮಚ ಹಾಕಿದೆ. ಸಾಂಬಾರಿಗೆ ಉಪ್ಪೇ ಇರಲಿಲ್ಲ. ಅದೇ ಹೊತ್ತಿಗೆ ಪಕ್ಕದ ಮೇಜಿನವರೂ ಸಪ್ಲಾಯರನ್ನು ಕರೆದು ಅದನ್ನೇ ಹೇಳಿದರು. ಮಾವ ಇಡ್ಲಿಯನ್ನು ತಟ್ಟೆಯಲ್ಲಿಟ್ಟರು.

"ಉಪ್ಪಿಲ್ವಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ನಾನು ಇಲ್ಲವೆಂದು ತಲೆಯಾಡಿಸಿದೆ.

"ಕರೆಂಟು ಕೊಟ್ಟ ಮೇಲೆ ಹೀಗೆ. ಬಾಯಿಗೆ ಎಂತ ಹಾಕಿದ್ರೂ ಕಾಗದ ಜಗಿದ ಹಾಗೆ. ನಿಧಾನಕ್ಕೆ ಬರ್ತದೆ ಅಂತ ಡಾಕ್ಟ್ರು ಹೇಳಿದ್ದಾರೆ. ಬರ್ಲಿಕ್ಕೂ ಸಾಕು."

"ಅತ್ತೆಗೆ ಗೊತ್ತುಂಟಾ?"

"ಇಲ್ಲ. ಅಡುಗೆ ನಾನೇ ಮಾಡುದಲ್ವಾ? ಉಪ್ಪು, ಹುಳಿ ಎಲ್ಲ ಅಂದಾಜು. ಅವಳು ತಿಂತಾಳೆ. ಮೊದಲಿನ ಹಾಗೆ ಎಂತ ಹೇಳುದೂ ಇಲ್ಲ."

ನಲವತ್ತು ವರ್ಷ ಪ್ರತಿ ತುತ್ತಿಗೂ ತೀರ್ಪು ಕೊಟ್ಟ ಅತ್ತೆ ಈಗ ಏನೂ ಹೇಳದೆ ತಿನ್ನುತ್ತಿದ್ದಾರೆ ಎಂದರೆ ಅವರಿಗೆ ಗೊತ್ತಿಲ್ಲವೆಂದು ಅರ್ಥವೇ? ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಅದರಲ್ಲಿ ಧೂಳೇನೂ ಇರಲಿಲ್ಲ.

ಕೈ ತೊಳೆದು ಹೊರಗೆ ಬಂದಾಗ ಅವರು ಸಭಾಂಗಣದ ದಾರಿ ಹಿಡಿದರು. ನಾನು ತೋಳು ಹಿಡಿದು ಎದುರು ರಸ್ತೆಯ ಹೋಟೆಲಿಗೆ ಕರೆದುಕೊಂಡು ಹೋದೆ. ಒಂದು ಬಟ್ಟಲು ಸಾಂಬಾರು, ಎರಡು ಚಮಚ ತರಿಸಿದೆ. ಒಂದು ಚಮಚ ಬಾಯಿಗೆ ಹಾಕಿಕೊಂಡು, "ಮಾವ, ಹುಳಿ ಹೆಚ್ಚುಂಟು" ಎಂದೆ.

ಅವರು ನನ್ನನ್ನೇ ನೋಡಿದರು. "ಹುಳಿ ಮೊದಲು ಬಂತಾ, ಖಾರ ಮೊದಲು ಬಂತಾ?" ಎಂದು ಕೇಳಿದರು.

ನಾನು ಇನ್ನೊಂದು ಚಮಚ ತೆಗೆದುಕೊಂಡೆ. ಇಷ್ಟು ವರ್ಷ ಬರೀ ನುಂಗಿದವಳಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?

"ಹುಳಿ. ಆಮೇಲೆ ಬೆಲ್ಲ. ಖಾರ ಕೊನೆಗೆ, ಗಂಟಲಿನ ಹತ್ತಿರ."

"ಕೊತ್ತಂಬರಿ ಹುರಿದದ್ದಾ, ಹಸಿಯಾ?"

"ಹಸಿ ಅಂತ ಕಾಣ್ತದೆ."

"ಕಾಣ್ತದೆ ಅಂದ್ರೆ ಆಗುದಿಲ್ಲ. ಸರಿಯಾಗಿ ನೋಡಿ ಹೇಳು."

ಮತ್ತೆ ಬಾಯಿಗೆ ಹಾಕಿಕೊಂಡೆ, ಕಣ್ಣು ಮುಚ್ಚಿದೆ. "ಹಸಿ."

"ಅದೇ ಮತ್ತೆ," ಎಂದರು ಮಾವ. "ಹುರಿಯಲಿಕ್ಕೆ ಇವರಿಗೆ ಪುರುಸೊತ್ತೆಲ್ಲಿ? ಕಳ್ಳರು." ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡು, ಇನ್ನೊಂದು ಚಮಚವನ್ನು ಕೈಗೆತ್ತಿಕೊಂಡರು.